ಅಂಕಿಗಳು ಆರೈಕೆಯಾಗಿ ಮರಳಲಿ

ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಕೇಳುವ ಪ್ರಶ್ನೆಗಳು ಈಗ ಎಲ್ಲರಿಗೂ ಪರಿಚಿತ. ವಯಸ್ಸೆಷ್ಟು, ತಂಬಾಕಿನ ಅಭ್ಯಾಸವಿದೆಯೇ, ಸೊಂಟದ ಸುತ್ತಳತೆ ಎಷ್ಟು, ಕುಟುಂಬದಲ್ಲಿ ಸಕ್ಕರೆ ಕಾಯಿಲೆ ಇದೆಯೇ? 30 ವರ್ಷ ದಾಟಿದವರ ಉತ್ತರಗಳಿಗೆ ಅಂಕ ನೀಡಲಾಗುತ್ತದೆ. ಅದು 4ನ್ನು ಮೀರಿದರೆ ಅವರನ್ನು ಮೊದಲು ತಪಾಸಣೆಗೆ ಕರೆಯಬೇಕೆಂಬುದು ನಿಯಮ. 60 ದಾಟಿದವರಲ್ಲಿ ಇನ್ನೂ ಕೇಳಲಾಗುತ್ತದೆ: ನಡೆಯುವಾಗ ಆಯ ತಪ್ಪುತ್ತದೆಯೇ? ಉಣ್ಣಲು, ಉಡಲು, ಸ್ನಾನಕ್ಕೆ ಇನ್ನೊಬ್ಬರ ನೆರವು ಬೇಕೇ? ಹತ್ತಿರದವರ ಹೆಸರು ಮರೆಯುವುದುಂಟೇ?

ಇವು ಅತ್ಯಂತ ಅರ್ಥಪೂರ್ಣ ಪ್ರಶ್ನೆಗಳು. ಆದರೆ ಉತ್ತರಗಳ ಗತಿಯೇನು? ಅವು ಕೇವಲ ಒಟ್ಟು ಮೊತ್ತವಾಗಿ ಮೇಲಿನ ಕಚೇರಿಗೆ ಏರಿ ಅಲ್ಲಿಯೇ ಉಳಿದುಬಿಟ್ಟರೆ, ಕೇಳಿದವರ ಶ್ರಮವೂ ಹೇಳಿದವರ ನೋವೂ ವ್ಯರ್ಥ.

ಚಾಮರಾಜನಗರ ತಾಲೂಕಿನ ಹರವೆ ಹೋಬಳಿಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ಒಂದು ಹಳ್ಳಿಯ ಪಟ್ಟಿಯಲ್ಲಿ ನೆರವು ಬೇಕಾದ ವೃದ್ಧರು ಹತ್ತು ಮಂದಿಯಿದ್ದು, ಪಕ್ಕದ ಹಳ್ಳಿಯಲ್ಲಿ ಒಬ್ಬರೂ ಇಲ್ಲವೆಂದು ಭಾವಿಸಿ. ಎರಡನೆಯ ಹಳ್ಳಿ ನಿಜಕ್ಕೂ ಆರೋಗ್ಯವಾಗಿದೆಯೇ ಅಥವಾ ಅಲ್ಲಿ ಯಾರೂ ಸರಿಯಾಗಿ ವಿಚಾರಿಸಲಿಲ್ಲವೇ? ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಈ ಪ್ರಶ್ನೆ ಏಳುತ್ತದೆ. ಹೆಚ್ಚು ರೋಗಿಗಳನ್ನು ತೋರಿಸುವ ಪಟ್ಟಿ ಅನೇಕ ವೇಳೆ ವೈಫಲ್ಯದ್ದಲ್ಲ, ಪ್ರಾಮಾಣಿಕತೆಯ ಗುರುತು.

ಇದೇ ಜಿಲ್ಲೆಯ ಯಳಂದೂರು ತಾಲೂಕು ಈ ಪಾಠವನ್ನು ಎಂದೋ ಕಲಿಸಿದೆ. ಡಾ. ಎಚ್. ಸುದರ್ಶನ್ ಅವರು 1986ರಲ್ಲಿ ಸ್ಥಾಪಿಸಿದ ಕರುಣಾ ಟ್ರಸ್ಟ್ ಅಲ್ಲಿ ಕುಷ್ಠರೋಗದ ವಿರುದ್ಧ ಕೆಲಸ ಆರಂಭಿಸಿತು. ರೋಗಿಗಳನ್ನು ಹುಡುಕಿಕೊಂಡು ಹೋದವರಿಗೆ ಜನರ ಇತರ ಅಗತ್ಯಗಳೂ ಕಂಡವು. ಕ್ಷಯ, ಮೂರ್ಛೆರೋಗ, ಮಾನಸಿಕ ಕಾಯಿಲೆಗಳಿಗೂ ಸೇವೆ ವಿಸ್ತರಿಸಿತು. 1996ರಲ್ಲಿ ಗುಂಬಳ್ಳಿಯ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯೂ ಅದರ ಕೈಸೇರಿತು. ಕಂಡ ಅಗತ್ಯಕ್ಕೆ ತಕ್ಕಂತೆ ಸೇವೆ ಬದಲಾಗಬೇಕೆಂಬುದೇ ಅಲ್ಲಿನ ಪಾಠ.

2017-18ರಲ್ಲಿ ದೇಶಾದ್ಯಂತ 45 ವರ್ಷ ಮೀರಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರ ಸ್ಥಿತಿಗತಿಗಳ ಸಮೀಕ್ಷೆ ನಡೆಯಿತು. ಅದು ರಾಜ್ಯ ರಾಜ್ಯಗಳ ಹೋಲಿಕೆಗೆ ಅಗತ್ಯ. ಆದರೆ ಯಾವ ಬೀದಿಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆಂಬುದನ್ನು ರಾಜ್ಯದ ಸರಾಸರಿ ಹೇಳಲಾರದು. ಅದನ್ನು ಹೇಳಬೇಕಾದುದು ಆಶಾ ಕಾರ್ಯಕರ್ತೆಯ ಪಟ್ಟಿಯೇ.

ಹೋಲಿಕೆ ನ್ಯಾಯಯುತವಾಗಿರಬೇಕು. ವೃದ್ಧರೇ ಹೆಚ್ಚಿರುವ ಊರನ್ನು ಯುವಕರೇ ತುಂಬಿರುವ ಊರಿನೊಂದಿಗೆ ತೂಗುವುದು ಸಲ್ಲದು. ಅದೇ ವ್ಯಕ್ತಿಯ ಕಳೆದ ವರ್ಷದ ಸ್ಥಿತಿಯನ್ನು ಈ ವರ್ಷದ್ದರೊಂದಿಗೆ ನೋಡುವುದು ಹೆಚ್ಚು ಉಪಯುಕ್ತ. ಹೋಲಿಕೆಯನ್ನು ಬೈಗುಳದ ಕೋಲಾಗಿಸಿದರೆ, ಮುಂದಿನ ಬಾರಿ ಸುಳ್ಳು ಅಂಕಿಗಳೇ ಬರುತ್ತವೆ. ಊರುಗಳ ಅಂಕಿ ಸಭೆಗೆ ಬರಲಿ. ರೋಗಿಗಳ ಹೆಸರು ಗುಟ್ಟಾಗಿಯೇ ಇರಲಿ.

ಇನ್ನು ನಮ್ಮ ಮನೆಗಳ ಮಾತು. ತಾಯಿಯ ಪರವಾಗಿ ಮಗನೇ ಬಾಗಿಲಲ್ಲಿ ನಿಂತು "ಎಲ್ಲ ಸರಿಯಾಗಿದೆ" ಎಂದು ಕಳುಹಿಸಿಬಿಡುವುದು ಅಪರೂಪವೇನಲ್ಲ. ಮರೆವನ್ನೂ ಹಾಸಿಗೆ ಹಿಡಿದ ಸ್ಥಿತಿಯನ್ನೂ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುತ್ತೇವೆ. ಮುಚ್ಚಿಟ್ಟ ನೋವು ಯಾವ ಪಟ್ಟಿಗೂ ಸೇರದು. ಪಟ್ಟಿಗೆ ಸೇರದ್ದಕ್ಕೆ ಸರಕಾರ ಔಷಧವನ್ನೂ ಕಳುಹಿಸದು. ತಾಯಂದಿರೇ ಉತ್ತರಿಸಲು ಅವಕಾಶ ಕೊಡೋಣ. ಬಳಿಕ ಆರೋಗ್ಯ ಕೇಂದ್ರದಲ್ಲೂ ಗ್ರಾಮಸಭೆಯಲ್ಲೂ ಕೇಳೋಣ: ಕಳೆದ ವರ್ಷ ನಾವು ಕೊಟ್ಟ ಉತ್ತರಗಳಿಂದ ಈ ವರ್ಷ ಏನು ಬದಲಾಯಿತು?

ಈ ಪ್ರಶ್ನೆ ಕೇಳುವುದು ನಮ್ಮ ಹಕ್ಕು. ಉತ್ತರಿಸುವುದು ಆಡಳಿತದ ಹೊಣೆ.