ಮೂಗು ಕಟ್ಟಿದೆಯೆಂಬ ಮಾತಿಗೆ ಬೆಲೆಯೆಷ್ಟು?

ಮೂಗು ಕಟ್ಟುವುದೆಂದರೆ ಗಾಳಿಯ ದಾರಿ ಕಿರಿದಾಗುವುದು. ಎಷ್ಟು ಕಿರಿದಾಗಿದೆಯೆಂದು ಅಳೆದರೆ ರೋಗಿಯ ಕಷ್ಟವೆಷ್ಟೆಂಬುದೂ ತಿಳಿದುಹೋಗುತ್ತದೆ. ಭೌತಶಾಸ್ತ್ರವನ್ನು ಓದುವ ನಮಗೆ ಹೀಗೆನ್ನಿಸುವುದು ಸಹಜ. ಕೊಳವೆಯ ತ್ರಿಜ್ಯ ಅರ್ಧವಾದರೆ ಸುಗಮ ಪ್ರವಾಹಕ್ಕೆ ಒದಗುವ ರೋಧ 16 ಪಟ್ಟಾಗುವುದೆಂದು ಪ್ವಾಸೇಯ ಸೂತ್ರವು ತಿಳಿಸುತ್ತದೆ. ಮೂಗು ನೆಟ್ಟನೆಯ ಕೊಳವೆಯೇನೂ ಅಲ್ಲ. ಆದರೂ ಅದರ ಇಕ್ಕಟ್ಟಾದ ಎಡೆಯಲ್ಲಿ ಪೊರೆ ತುಸು ಊದಿಕೊಂಡರೂ ಉಸಿರಾಟ ಏಕೆ ಅಷ್ಟು ಪ್ರಯಾಸಕರವಾಗುವುದೆಂಬುದನ್ನು ಸೂತ್ರದಿಂದ ಊಹಿಸಬಹುದು.

ವೈದ್ಯರು ಗಮನಿಸುವ ಚಿಹ್ನೆಗಳು ಹಲವು: ಮೂಗಿನ ನಡುಗೋಡೆಯ ಡೊಂಕು, ಪಕ್ಕದ ಸುರುಳಿಮೂಳೆಗಳ ಮೇಲಣ ಪೊರೆಯ ಊತ, ಉಸಿರೆಳೆದಾಗ ಹೊಳ್ಳೆಯ ಪಕ್ಕ ಒಳಕ್ಕೆ ಕುಸಿಯುವುದು, ಧೂಳು ಪರಾಗಗಳ ಅಲರ್ಜಿ, ದುರ್ಮಾಂಸ. ಆದರೆ ಇವುಗಳಲ್ಲಿ ಯಾವುದೊಂದೂ ರೋಗಿಯ ತೊಂದರೆಯನ್ನು ನಿಖರವಾಗಿ ಸೂಚಿಸಲಾರದು. ನಡುಗೋಡೆ ಡೊಂಕಾಗಿದ್ದೂ ಸುಖವಾಗಿ ಉಸಿರಾಡುವವರು ಅನೇಕರು. ದಾರಿ ತೆರವಾಗಿದೆಯೆಂದು ಉಪಕರಣ ತೋರಿಸಿದರೂ ಮೂಗು ಕಟ್ಟಿದೆಯೆನ್ನುವವರೂ ಉಂಟು.

ಇಂಥವರ ಮಾತನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ವಿಜ್ಞಾನವಲ್ಲವೆಂಬುದೇ ನಮ್ಮ ವಾದ. ಉಸಿರು ಸರಾಗವಾಗಿದೆಯೆಂಬ ಅರಿವು ಬಹುಮಟ್ಟಿಗೆ ಒಳಬರುವ ಗಾಳಿ ಪೊರೆಯನ್ನು ಎಷ್ಟು ತಂಪುಗೊಳಿಸಿತೆಂಬುದನ್ನು ಅವಲಂಬಿಸಿದೆ. ಮೆಂಥಾಲನ್ನು ಮೂಸಿದೊಡನೆ ಮೂಗು ಬಿಟ್ಟಂತಾಗುತ್ತದೆ. ಅಳೆದು ನೋಡಿದರೆ ರೋಧ ಇಳಿದಿರುವುದಿಲ್ಲ. ತಂಪಿಗೂ ಮೆಂಥಾಲಿಗೂ ಸ್ಪಂದಿಸುವ ನರಗಳ ಪ್ರೋಟೀನನ್ನು 2002ರಲ್ಲಿ ಬೇರೆಬೇರೆಯಾಗಿ ಗುರುತಿಸಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಅವರು 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಸುರುಳಿಮೂಳೆಗಳನ್ನು ಮಿತಿಮೀರಿ ಕತ್ತರಿಸಿ ದಾರಿಯನ್ನು ವಿಶಾಲಗೊಳಿಸಿದ ಮೇಲೂ ಕೆಲವರು ಉಸಿರು ಸಾಲದೆಂದು ನರಳುತ್ತಾರೆ. ಕತ್ತರಿಸಿದ್ದನ್ನು ಮೊದಲಿನಂತೆ ಮಾಡುವುದು ಸಾಧ್ಯವಿಲ್ಲ. ಅಳತೆಯೊಂದನ್ನೇ ನಂಬಿದರೆ ತೆರಬೇಕಾದ ಬೆಲೆ ಇದು.

ಅಳತೆಯಾದರೂ ಸ್ಥಿರವೇ? ತಣ್ಣನೆಯ ಕನ್ನಡಿಯೊಂದನ್ನು ಹೊಳ್ಳೆಗಳ ಕೆಳಗೆ ಹಿಡಿದು ಮೆಲ್ಲನೆ ಉಸಿರು ಬಿಡಿರಿ. ಎರಡು ಮಂಜುಕಲೆಗಳೂ ಅನೇಕ ವೇಳೆ ಸಮನಾಗಿರುವುದಿಲ್ಲ. ಕೆಲವು ಗಂಟೆಗಳ ತರುವಾಯ ದೊಡ್ಡದು ಚಿಕ್ಕದಾಗಿರಬಹುದು. ಎರಡು ಹೊಳ್ಳೆಗಳೂ ಸರದಿಯ ಮೇಲೆ ಬಿಗಿಯುವ ಈ ಕ್ರಮವನ್ನು ಜರ್ಮನ್ ವೈದ್ಯ ರಿಚರ್ಡ್ ಕೈಸರ್ 1895ರಲ್ಲೇ ವರ್ಣಿಸಿದ್ದನು. ಹಾಗಿರುವಲ್ಲಿ ಒಂದು ಹೊಳ್ಳೆಯ ಒಂದು ಸಲದ ಅಳತೆಯಿಂದ ತೀರ್ಪು ಕೊಡುವುದೆಂತು?

ಅಳತೆ ಬೇಡವೆಂದು ನಾವು ಹೇಳುತ್ತಿಲ್ಲ. ರೋಗಿಯ ಅನುಭವವನ್ನೂ ಅಳತೆಗೆ ತರಬಹುದು: 2004ರಲ್ಲಿ ಪ್ರಕಟವಾದ ಐದು ಪ್ರಶ್ನೆಗಳ ಪಟ್ಟಿಯೊಂದು ಆ ಅನುಭವಕ್ಕೆ ನೂರರಲ್ಲಿ ಇಷ್ಟೆಂದು ಅಂಕ ಕೊಡುತ್ತದೆ. ಉಪಕರಣ ಗಾಳಿಯ ರೋಧವನ್ನು ಹೇಳುತ್ತದೆ. ರೋಗಿ ತನ್ನ ನರಗಳು ಅರಿತದ್ದನ್ನು ಹೇಳುತ್ತಾನೆ. ಎರಡೂ ದತ್ತಾಂಶಗಳೇ. ಅವು ಹೊಂದದೆ ಹೋದಾಗ ಒಂದನ್ನು ಸುಳ್ಳೆನ್ನದೆ, ಹೊಂದದಿರಲು ಕಾರಣವೇನೆಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿಯೇ ಕಲಿಯಬೇಕು.