ಕಲಿಸುವವರಿಗೂ ಬೇಕು ವ್ಯಾಯಾಮ

ಮೊಣಕಾಲು ನೋವಿಗಾಗಿ ಕೆಲವು ವಾರ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿಬಂದೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ತಾಳ್ಮೆಯಿಂದ ಕಲಿಸಿದ ವಿದ್ಯಾರ್ಥಿನಿಯನ್ನು, 'ನೀವು ಯಾವ ವ್ಯಾಯಾಮ ಮಾಡುತ್ತೀರಮ್ಮಾ?' ಎಂದು ಕೇಳಿದೆ. 'ಟೈಮ್ ಎಲ್ಲಿದೆ ಸಾರ್' ಎಂದು ನಕ್ಕರು.

ಅದು ಸೋಮಾರಿತನದ ಉತ್ತರವಲ್ಲ. ಬೆಳಿಗ್ಗೆ ತರಗತಿ, ಮಧ್ಯಾಹ್ನ ವಾರ್ಡು, ಸಂಜೆ ಕಿಕ್ಕಿರಿದ ಬಸ್ಸು, ರಾತ್ರಿ ಓದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಬಲವರ್ಧನೆಯ ವ್ಯಾಯಾಮ ಅಗತ್ಯ ಎನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಇದನ್ನು ಊರಿಗೆಲ್ಲ ಬೋಧಿಸಬೇಕಾದವರಿಗೇ ಪಾಲಿಸಲು ಬಿಡುವಿಲ್ಲದಿರುವುದು ವಿಪರ್ಯಾಸ.

ರೋಗಿಗಳನ್ನು ಎತ್ತಿ, ತಿರುಗಿಸಿ, ಆಧರಿಸಿ ನಡೆಸುವ ಈ ವೃತ್ತಿಯಲ್ಲಿ ಬೆನ್ನುನೋವು ಸಾಮಾನ್ಯ. ಅದನ್ನು ತಡೆಯುವ ಶಕ್ತಿ ವಿದ್ಯಾರ್ಥಿದೆಸೆಯಲ್ಲೇ ಕೂಡಿಬರಬೇಕು. ಅಷ್ಟೇ ಅಲ್ಲ, ನಿತ್ಯ ವ್ಯಾಯಾಮದ ಬೇಸರವನ್ನು ಸ್ವತಃ ಗೆದ್ದವರು ರೋಗಿಯ ಅಸಡ್ಡೆಯನ್ನೂ ಸಹಾನುಭೂತಿಯಿಂದ ತಿದ್ದಬಲ್ಲರು.

ಕಾಲೇಜುಗಳಲ್ಲಿ ಉಪಕರಣಗಳಿವೆ, ಬಲ್ಲ ಅಧ್ಯಾಪಕರಿದ್ದಾರೆ. ವಾರಕ್ಕೆ ಮೂರು ಗಂಟೆಯನ್ನು, ಅಂಕಗಳ ಹಂಗಿಲ್ಲದೆ, ವೇಳಾಪಟ್ಟಿಯಲ್ಲೇ ಮೀಸಲಿಡಲಿ.

ಅಂದಹಾಗೆ, ಆಕೆ ಹೇಳಿಕೊಟ್ಟ ವ್ಯಾಯಾಮವನ್ನು ನಾನೂ ಮೂರನೇ ವಾರ ಕೈಬಿಟ್ಟೆ. ನಾನು ಕೊಟ್ಟ ಕಾರಣವೂ ಅದೇ: ಸಮಯವಿಲ್ಲ.