ಕೊಟ್ಟ ಕಾಗದವನ್ನೇ ಮತ್ತೆ ಕೇಳುವ ಸರ್ಕಾರ

ಕಾಲೇಜು ಶುರುವಾಗುವ ದಿನಗಳಲ್ಲಿ ಯಾವುದಾದರೂ ಹೋಬಳಿಯ ನಾಡಕಚೇರಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ನಿಂತವರಲ್ಲಿ ಬಹಳಷ್ಟು ಮಂದಿ ವಿದ್ಯಾರ್ಥಿಗಳು, ಜೊತೆಗೆ ಅವರ ಅಪ್ಪ ಅಮ್ಮಂದಿರು. ಕವರ್ ಬಿಚ್ಚಿಸಿದರೆ ಆಧಾರ್, ರೇಷನ್ ಕಾರ್ಡು, ಶಾಲೆಯ ಟಿ.ಸಿ., ಅವಧಿ ಮುಗಿದ ಹಳೆಯ ಜಾತಿ-ಆದಾಯ ಪ್ರಮಾಣಪತ್ರ, ಎರಡು ಫೋಟೋ ಸಿಗುತ್ತವೆ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಇವುಗಳಲ್ಲಿ ಫೋಟೋ ಒಂದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಕೊಟ್ಟದ್ದು ಸರ್ಕಾರ, ಇಲ್ಲವೇ ಸರ್ಕಾರದ ಮಾನ್ಯತೆ ಪಡೆದ ಶಾಲೆ. ಸರ್ಕಾರದ ಒಂದು ಇಲಾಖೆ ಕೊಟ್ಟ ಕಾಗದವನ್ನು ಇನ್ನೊಂದು ಇಲಾಖೆಗೆ ತಂದುಕೊಟ್ಟು, ಅಲ್ಲಿಂದ ಮತ್ತೊಂದು ಕಾಗದ ಪಡೆದು, ಅದನ್ನು ಮೂರನೆಯ ಇಲಾಖೆಗೆ ಒಯ್ಯುವುದಕ್ಕಾಗಿ ಈ ಜನ ಸಾಲು ನಿಂತಿದ್ದಾರೆ. ಸಂಬಳವಿಲ್ಲದ ಅಂಚೆಯಾಳುಗಳು ಇವರು.

ನನ್ನ ವಾದ ಇಷ್ಟೇ: ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಯನ್ನು ಸರ್ಕಾರ ಜನರಿಂದ ಮತ್ತೆ ಕೇಳಕೂಡದು. ಇದು ಸೌಜನ್ಯವಾಗಿ ಸಿಗಬೇಕಾದದ್ದಲ್ಲ, ಹಕ್ಕಾಗಿ ಸಿಗಬೇಕಾದದ್ದು.

ಆದಾಯ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ಬಿಪಿಎಲ್ ಕಾರ್ಡು ಸಿಗಬೇಕಾದರೆ ವರ್ಷದ ಆದಾಯ 1.2 ಲಕ್ಷ ರೂಪಾಯಿ ದಾಟಬಾರದು. ಅಂದರೆ ಕಾರ್ಡು ಕೊಡುವಾಗಲೇ ಆ ಮನೆಯ ಬಡತನವನ್ನು ಸರ್ಕಾರ ಒಪ್ಪಿದೆ. ಅದೇ ಮನೆಯ ಹುಡುಗಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ಆ ಒಪ್ಪಿಗೆ ಸಾಲುವುದಿಲ್ಲ. ಅರ್ಜಿ ಗ್ರಾಮ ಲೆಕ್ಕಿಗರಿಗೆ ಹೋಗಬೇಕು (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ), ಅವರ ವರದಿ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ತಹಸೀಲ್ದಾರರಿಗೆ. ಇಷ್ಟು ದೊಡ್ಡ ವಿಚಾರಣೆಯ ಕೊನೆಗೆ ಬರುವ ಕಾಗದದಲ್ಲಿ ಏನಿರುತ್ತದೆ? ಇಡೀ ಕುಟುಂಬದ ವರ್ಷದ ಆದಾಯ ಹನ್ನೊಂದು ಸಾವಿರ, ಹನ್ನೆರಡು ಸಾವಿರ ಎಂದು ಬರೆದ ಪ್ರಮಾಣಪತ್ರವನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅಷ್ಟರಲ್ಲಿ ಒಂದು ಮನೆ ನಡೆಯುವುದಿಲ್ಲ ಎಂದು ಅರ್ಜಿದಾರರಿಗೆ ಗೊತ್ತು, ಸಹಿ ಹಾಕಿದವರಿಗೂ ಗೊತ್ತು. ಕನ್ನಡದಲ್ಲಿ ಕಲ್ಪಿತ ಸಾಹಿತ್ಯಕ್ಕೆ ಓದುಗರಿಲ್ಲ ಎಂದು ಕೊರಗುವ ಪ್ರಕಾಶಕರು ಒಮ್ಮೆ ಕಂದಾಯ ಇಲಾಖೆಯ ಕಡೆ ನೋಡಬೇಕು.

ಈ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಹಿಂದುಳಿದ ವರ್ಗಗಳವರ ಮಟ್ಟಿಗೆ ಐದು ವರ್ಷದ ಆಯುಷ್ಯ. ಆದಾಯ ಬದಲಾಗಬಹುದು, ಒಪ್ಪೋಣ. ಜಾತಿ ಬದಲಾಗುತ್ತದೆಯೇ? ಬದಲಾಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದರೂ ಎರಡನ್ನೂ ಒಂದೇ ಕಾಗದದಲ್ಲಿ ಹೊಲಿದು, ಐದು ವರ್ಷಕ್ಕೊಮ್ಮೆ ಜನರನ್ನು ಮತ್ತೆ ಅದೇ ಮೆಟ್ಟಿಲು ಹತ್ತಿಸುತ್ತಾರೆ.

ಇನ್ನು ಹೆಸರಿನ ಪುರಾಣ. ಲಕ್ಷ್ಮಮ್ಮ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯಲು ಒಂದೇ ದಾರಿ. ಇಂಗ್ಲಿಷಿಗೆ ಹೋದ ಕೂಡಲೇ ಅದು ಆಧಾರಿನಲ್ಲಿ ಎಕ್ಸ್ ಹಾಕಿಕೊಳ್ಳುತ್ತದೆ, ಬ್ಯಾಂಕಿನಲ್ಲಿ ಕೆ-ಎಸ್-ಎಚ್ ಆಗುತ್ತದೆ, ಮಗಳ ಅಂಕಪಟ್ಟಿಯಲ್ಲಿ ಒಂದು ಎಂ ಕಳೆದುಕೊಳ್ಳುತ್ತದೆ. ಮೂರನ್ನೂ ಟೈಪ್ ಮಾಡಿದ್ದು ಕಂಪ್ಯೂಟರಿನ ಮುಂದೆ ಕೂತ ಯಾರೋ. ಆದರೆ ಈ ಮೂರೂ ಹೆಸರು ನನ್ನವೇ ಎಂದು ಛಾಪಾ ಕಾಗದ ಕೊಂಡು, ನೋಟರಿಗೆ ದುಡ್ಡು ಕೊಟ್ಟು, ಅಫಿಡವಿಟ್ ಮಾಡಿಸಬೇಕಾದವಳು ಲಕ್ಷ್ಮಮ್ಮ. ತಪ್ಪು ಅವರದು, ಪ್ರಮಾಣ ಇವಳದು. ಕನ್ನಡವೇ ಆಡಳಿತ ಭಾಷೆ ಎಂದು 1963ರಲ್ಲಿ ಕಾಯ್ದೆ ಮಾಡಿಕೊಂಡ ರಾಜ್ಯದಲ್ಲಿ, ಇಂಗ್ಲಿಷ್ ಕಾಗುಣಿತ ತಪ್ಪಿದ್ದಕ್ಕೆ ಕನ್ನಡದ ಹೆಂಗಸು ದಂಡ ಕಟ್ಟುತ್ತಿದ್ದಾಳೆ.

ಇದೆಲ್ಲ ಬರೀ ಅದಕ್ಷತೆ ಎಂದು ನನಗೆ ಅನಿಸುವುದಿಲ್ಲ. ಅದಕ್ಷತೆಯಾಗಿದ್ದರೆ ಕಂಪ್ಯೂಟರ್ ಬಂದ ಮೇಲೆ ಕಡಿಮೆಯಾಗಬೇಕಿತ್ತು. ಇದರ ಬೇರು ಅನುಮಾನದಲ್ಲಿದೆ. ಜನ ಸುಳ್ಳು ಹೇಳುತ್ತಾರೆ, ನಿಜವೆಂದು ಅವರೇ ಸಾಬೀತು ಮಾಡಲಿ ಎಂಬುದು ಪರದೇಶದ ದೊರೆ ತಾನಾಳುವ ಪ್ರಜೆಗಳ ಬಗ್ಗೆ ಇಟ್ಟುಕೊಳ್ಳುವ ನಿಲುವು. ದೊರೆ ಹೋದ, ನಿಲುವು ಉಳಿಯಿತು. ಗೆಜೆಟೆಡ್ ಅಧಿಕಾರಿಯ ಅಟೆಸ್ಟೇಶನ್ ಅದರ ಪಳೆಯುಳಿಕೆ. ನಮ್ಮನ್ನು ಎಂದೂ ಕಾಣದ ಅಧಿಕಾರಿ ನಮ್ಮ ಅಂಕಪಟ್ಟಿಯ ಜೆರಾಕ್ಸಿನ ಮೇಲೆ ಹಸಿರು ಶಾಯಿಯಲ್ಲಿ ಸಹಿ ಹಾಕಿದರೆ ಅದು ನಿಜ, ನಾವೇ ಹಾಕಿದರೆ ಸುಳ್ಳು!

ಈ ರೋಗಕ್ಕೆ ಮದ್ದು ಬರೆದವರಲ್ಲಿ ಇಬ್ಬರು ಕನ್ನಡಿಗರು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ದೇಶದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ 1967ರಲ್ಲಿ, ಮೊರಾರ್ಜಿ ದೇಸಾಯಿಯವರ ನಂತರ, ಅಧ್ಯಕ್ಷರಾದರು. 2005ರಲ್ಲಿ ನೇಮಕವಾದ ಎರಡನೆಯ ಆಯೋಗದ ಅಧ್ಯಕ್ಷರು ‘ಶ್ರೀರಾಮಾಯಣ ಮಹಾನ್ವೇಷಣಂ’ ಬರೆದ ವೀರಪ್ಪ ಮೊಯಿಲಿ. ನಾಗರಿಕ ಕೇಂದ್ರಿತ ಆಡಳಿತದ ಬಗ್ಗೆ ಆ ಆಯೋಗ 2009ರಲ್ಲಿ ಕೊಟ್ಟ ಹನ್ನೆರಡನೆಯ ವರದಿ, ಜನ ತಾವೇ ದೃಢೀಕರಿಸುವ ಸ್ವಯಂ ದೃಢೀಕರಣ ಪದ್ಧತಿ ಬರಲಿ ಎಂದಿತು. ಅದನ್ನು ಒಪ್ಪಿ 2013ರಲ್ಲಿ ಕೇಂದ್ರವು ಇಲಾಖೆಗಳಿಗೂ ರಾಜ್ಯಗಳಿಗೂ ಬರೆಯಿತು. ಎಷ್ಟೋ ಕಡೆ ಅಟೆಸ್ಟೇಶನ್ ಹೋದದ್ದೂ ನಿಜ. ಆದರೆ ನಮ್ಮ ವಿದ್ಯಾರ್ಥಿವೇತನದ ಜಾಲತಾಣಕ್ಕೆ ಬಂದು ನೋಡಿ: ಅದೇ ಅಟೆಸ್ಟೇಶನ್ ತನ್ನ ಹೆಸರಿನ ಹಿಂದೆ ಒಂದು ‘ಇ’ ಅಂಟಿಸಿಕೊಂಡು ‘ಇ-ಅಟೆಸ್ಟೇಶನ್’ ಆಗಿ ಕೂತಿದೆ.

ಆ ‘ಇ’ ಅಕ್ಷರದ ಬಗ್ಗೆ ಎರಡು ಮಾತು ಹೇಳಲೇಬೇಕು. ತೇಜಸ್ವಿಯವರ ‘ತಬರನ ಕಥೆ’ಯನ್ನು ಓದಿದ್ದೀರಿ, ಇಲ್ಲವೇ ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದ್ದೀರಿ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿರುವಾಗ ತಬರ ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇಂದು ತಬರ ಬದುಕಿದ್ದರೆ ಅವನನ್ನು ಯಾರೂ ಗದರಿಸುವುದಿಲ್ಲ. ‘ಎಲ್ಲಾ ಆನ್‌ಲೈನ್ ಆಗಿದೆ ಯಜಮಾನ್ರೇ, ಸೈಬರ್ ಸೆಂಟರಿಗೆ ಹೋಗಿ’ ಎಂದು ಮರ್ಯಾದೆಯಿಂದಲೇ ಕಳಿಸುತ್ತಾರೆ. ಅಲ್ಲಿ ಸರ್ವರ್ ಇರುವುದಿಲ್ಲ. ಸರ್ವರ್ ಬಂದಾಗ ಒಟಿಪಿ ಬರುವುದಿಲ್ಲ, ಏಕೆಂದರೆ ಆಧಾರಿಗೆ ಜೋಡಿಸಿದ ನಂಬರಿನ ಸಿಮ್ ಮಗನ ಬಳಿ ಬೆಂಗಳೂರಿನಲ್ಲಿದೆ. ಹಿಂದೆ ಬೈಯಲಿಕ್ಕಾದರೂ ಒಬ್ಬ ಗುಮಾಸ್ತ ಎದುರಿಗಿದ್ದ. ಈಗ ಪರದೆಯ ಮೇಲೆ ಕೆಂಪಕ್ಷರದ ಒಂದು ಸಾಲು ಮಾತ್ರ ಇದೆ.

ಕಂಪ್ಯೂಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಊರಿನ ಲೆಕ್ಕಿಗರನ್ನು ಹುಡುಕಿ ಅಲೆಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ಕಿಯಾಸ್ಕಿನಲ್ಲಿ ಪಹಣಿ ಪಡೆಯುವಂತಾಯಿತು. ಅದು ದೊಡ್ಡ ಬಿಡುಗಡೆಯೇ. ಆದರೆ ಮುಂದಿನ ಪ್ರಶ್ನೆಯನ್ನು ಬಹಳ ವರ್ಷ ಯಾರೂ ಕೇಳಲಿಲ್ಲ: ಪಹಣಿ ಸರ್ಕಾರದ ಕಂಪ್ಯೂಟರಿನಲ್ಲೇ ಇದ್ದ ಮೇಲೆ ಕೃಷಿ ಇಲಾಖೆಯವರು ಅದನ್ನು ರೈತನಿಂದ ಯಾಕೆ ತರಿಸಬೇಕು? ಆ ಪ್ರಶ್ನೆಗೆ ಉತ್ತರವಾಗಿ ‘ಫ್ರೂಟ್ಸ್’ ಬಂತು. ರೈತನಿಗೆ ಒಂದು ಗುರುತಿನ ಸಂಖ್ಯೆ, ಅದರ ಹಿಂದೆ ಅವನ ಜಮೀನಿನ ವಿವರ. ಅಂದರೆ ಮನಸ್ಸು ಮಾಡಿದರೆ ಇಲಾಖೆಗಳು ಪರಸ್ಪರ ಮಾತಾಡಬಲ್ಲವು. ಹಾಗೆಯೇ ಡಿಜಿಲಾಕರಿನಲ್ಲಿರುವ ದಾಖಲೆ ಮೂಲಪ್ರತಿಗೆ ಸಮ ಎಂದು 2017ರಲ್ಲೇ ನಿಯಮವಾಗಿದೆ. ಕೌಂಟರಿನಲ್ಲಿ ಆ ಮಾತು ಹೇಳಿ ನೋಡಿ, ‘ಅದೆಲ್ಲ ಇರಲಿ, ಒರಿಜಿನಲ್ ತಂದಿದ್ದೀರಾ?’ ಎಂಬ ಉತ್ತರ ಇಂದಿಗೂ ಸಿಗುತ್ತದೆ.

ಈ ಅಲೆದಾಟದ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. ನಮ್ಮಲ್ಲಿ ‘ಸಕಾಲ’ ಎಂಬ ಒಳ್ಳೆಯ ಕಾನೂನಿದೆ. 2011ರಲ್ಲಿ ಅಧಿನಿಯಮವಾಗಿ 2012ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಈಗ ಇನ್ನೊಂದು ಅಂಕಿ: 2024-25ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 349 ರೂಪಾಯಿ. ಕೂಲಿ ಬಿಟ್ಟು ಎರಡು ಸಲ ಕಚೇರಿಗೆ ಬಂದ ಹೆಂಗಸು ಕಳೆದುಕೊಂಡದ್ದು 698 ರೂಪಾಯಿ, ಬಸ್ಸು ಜೆರಾಕ್ಸು ಬೇರೆ. ಸರ್ಕಾರ ಕೊಡಬಹುದಾದ ಅತಿ ದೊಡ್ಡ ಪರಿಹಾರವೂ ಅವಳ ಎರಡು ದಿನದ ಕೂಲಿಗೆ ಸಾಲದು. ಇನ್ನೊಂದು ತೊಡಕೂ ಇದೆ. ಸಕಾಲದ ಗಡಿಯಾರ ಓಡುವುದು ಅರ್ಜಿ ಸ್ವೀಕಾರವಾದ ಮೇಲೆ. ಅರ್ಜಿಗೆ ಬೇಕಾದ ಕಾಗದ ಕೂಡಿಸಲು ಅವಳು ಅಲೆದ ದಿನಗಳನ್ನು ಯಾವ ಗಡಿಯಾರವೂ ಎಣಿಸುವುದಿಲ್ಲ. ಅಧಿಕಾರಿಯ ಸಮಯವನ್ನು ಅಳೆಯುವ ಕಾನೂನು ನಮ್ಮಲ್ಲಿದೆ, ಜನರ ಸಮಯವನ್ನು ಅಳೆಯುವ ಕಾನೂನಿಲ್ಲ.

ಬೇರೆ ಕಡೆ ಇದೆ. ಅಮೆರಿಕ 1980ರಲ್ಲೇ ಕಾಗದದ ಹೊರೆ ಇಳಿಸುವ ಕಾನೂನು ಮಾಡಿತು. ಅದರಂತೆ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳು ಜನರಿಂದ ಹೊಸದಾಗಿ ಏನನ್ನಾದರೂ ತುಂಬಿಸಬೇಕಾದರೆ ಮೊದಲು ಒಪ್ಪಿಗೆ ಪಡೆಯಬೇಕು, ಇದನ್ನು ತುಂಬಲು ಸರಾಸರಿ ಇಷ್ಟು ಸಮಯ ಬೇಕು ಎಂಬ ಅಂದಾಜು ಕೊಡಬೇಕು. ಒಪ್ಪಿಗೆಯ ಸಂಖ್ಯೆ ಇಲ್ಲದ ಫಾರಂ ತುಂಬಲಿಲ್ಲವೆಂದು ಯಾರನ್ನೂ ದಂಡಿಸುವಂತಿಲ್ಲ. ಅಲ್ಲಿ ಕಾಗದ ಮಾಯವಾಗಿದೆ ಎಂದಲ್ಲ. ಆದರೆ ಜನರ ಅರ್ಧ ಗಂಟೆಗೂ ಬೆಲೆಯಿದೆ ಎಂದು ಕಾನೂನು ಒಪ್ಪಿದೆ. ನಮ್ಮಲ್ಲಿ ಹೇಗಿದೆ? ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು. ಜನ ಸರ್ಕಾರಕ್ಕೆ ಬರೆಯುವುದಕ್ಕೆ ಮಿತಿ ಇದೆ, ಸರ್ಕಾರ ಜನರಿಂದ ಬರೆಸುವುದಕ್ಕೆ ಇಲ್ಲ.

ಕಾಗದ ಬಿಟ್ಟರೆ ಮೋಸ ಹೆಚ್ಚುತ್ತದೆ ಎನ್ನುವವರಿದ್ದಾರೆ. ಅವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಸುಳ್ಳು ಜಾತಿ ಪ್ರಮಾಣಪತ್ರ, ಸುಳ್ಳು ಆದಾಯ ಪ್ರಮಾಣಪತ್ರಗಳು ಹುಟ್ಟಿದ್ದು ಯಾವ ಕಾಲದಲ್ಲಿ? ಇಷ್ಟೆಲ್ಲ ಕಾಗದ, ವರದಿ, ಸಹಿ, ಮೊಹರು ಇರುವಾಗಲೇ ಅಲ್ಲವೇ? ದುಡ್ಡಿರುವವನಿಗೆ, ಪರಿಚಯವಿರುವವನಿಗೆ ಕಾಗದ ಎಂದೂ ಅಡ್ಡಿಯಾಗಿಲ್ಲ. ಅದು ತಡೆದದ್ದು ನಿಜವಾದ ಹಕ್ಕಿದ್ದೂ ಕವರಿನಲ್ಲಿ ಒಂದು ಜೆರಾಕ್ಸ್ ಕಡಿಮೆ ಇದ್ದವನನ್ನು. ಸುಳ್ಳು ಘೋಷಣೆ ಕೊಟ್ಟವನಿಗೆ ಶಿಕ್ಷೆ ಕಾನೂನಿನಲ್ಲಿದೆ. ನೂರರಲ್ಲಿ ಕೆಲವರನ್ನು ಆರಿಸಿ ತಪಾಸಣೆ ಮಾಡಿ, ಸಿಕ್ಕಿಬಿದ್ದವನನ್ನು ಬಿಡಬೇಡಿ. ಒಬ್ಬ ಕಳ್ಳ ಬರಬಹುದೆಂದು ಊರಿನವರನ್ನೆಲ್ಲ ಠಾಣೆಯಲ್ಲಿ ಕೂರಿಸುವುದು ಕಾವಲಲ್ಲ.

ನಂಬಿಕೆಯಿಂದ ಆಡಳಿತ ನಡೆಯುತ್ತದೆಯೇ ಎಂದರೆ, ನಡೆದಿದೆ. ಬಿಸಿಯೂಟದ ಸಾಲಿನಲ್ಲಿ ಕೂತ ಮಗುವಿನ ಅಪ್ಪನ ಆದಾಯವನ್ನು ಯಾರೂ ಕೇಳುವುದಿಲ್ಲ. ತಟ್ಟೆ ಇಟ್ಟರೆ ಅನ್ನ ಬೀಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸ್ಮಾರ್ಟ್ ಕಾರ್ಡಿಗೆ ಅರ್ಜಿ ಹಾಕಿಸುವ ಮಾತು ಆಗಲೂ ಇತ್ತು, ಆದರೆ ಬಸ್ಸು ಅದಕ್ಕೆ ಕಾಯದೆ ಹೊರಟಿತು. ಗುರುತಿನ ಚೀಟಿ ತೋರಿಸಿದ ಹೆಂಗಸಿಗೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಆ ಯೋಜನೆಯ ಪರ ವಿರೋಧ ಏನೇ ಇರಲಿ, ಆದಾಯ ಪ್ರಮಾಣಪತ್ರ ತಂದವರು ಮಾತ್ರ ಹತ್ತಬೇಕು ಎಂದಿದ್ದರೆ ಎಷ್ಟು ಜನ ಬಸ್ ನಿಲ್ದಾಣದಲ್ಲೇ ಉಳಿಯುತ್ತಿದ್ದರು ಎಂದು ಯೋಚಿಸಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲ ಇಲಾಖೆಗಳ ಮಾಹಿತಿಯನ್ನೂ ಒಂದಕ್ಕೊಂದು ಜೋಡಿಸಿದರೆ ಸರ್ಕಾರ ನಮ್ಮ ಮನೆಯ ಒಳಗೇ ಇಣುಕುತ್ತದಲ್ಲ? ಈ ಭಯ ನ್ಯಾಯವಾದದ್ದು. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2017ರ ಆಗಸ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂದದ್ದು ಅವರ ಹೆಸರಿನ ಪ್ರಕರಣದಲ್ಲೇ. ಆದ್ದರಿಂದ ಜೋಡಣೆಗೂ ಲಗಾಮು ಬೇಕು. ವಿದ್ಯಾರ್ಥಿವೇತನ ಕೊಡುವವರಿಗೆ ಈ ಮನೆ ಬಿಪಿಎಲ್ ಹೌದೋ ಅಲ್ಲವೋ ಎಂಬ ಒಂದು ಉತ್ತರ ಸಾಕು, ಉಳಿದ ಜಾತಕ ಬೇಡ. ಅದನ್ನೂ ಅರ್ಜಿದಾರರ ಒಪ್ಪಿಗೆ ಪಡೆದು ನೋಡಲಿ. ಎಸ್ಟೋನಿಯಾದಲ್ಲಿ ತನ್ನ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂದು ನಾಗರಿಕ ತಾನೇ ನೋಡಬಹುದು. ಇಲ್ಲಿಯೂ ಅದು ಬರಲಿ. ಅಷ್ಟಕ್ಕೂ ಇಂದು ನಮ್ಮ ಖಾಸಗಿತನ ಎಲ್ಲಿದೆ? ಆಧಾರಿನ ಜೆರಾಕ್ಸ್ ಪ್ರತಿಗಳು ಹತ್ತು ಕಚೇರಿಗಳ ಕಪಾಟಿನಲ್ಲಿವೆ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿವೆ, ಕೆಲವೊಮ್ಮೆ ಕಡಲೆಕಾಯಿ ಪೊಟ್ಟಣವಾಗಿ ಕೈಗೆ ಬರುತ್ತವೆ.

ಹಾಗಾದರೆ ಬೇಕಾದದ್ದೇನು? ಸರ್ಕಾರದ ಬಳಿ ಇರುವ ದಾಖಲೆಯನ್ನು ಯಾವ ಇಲಾಖೆಯೂ ಜನರಿಂದ ಕೇಳಕೂಡದು ಎಂಬ ಕಾಯ್ದೆ. ಸರ್ಕಾರ ಮಾಡಿದ ಕಾಗುಣಿತದ ತಪ್ಪನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ತಿದ್ದುವ ಹೊಣೆ, ಹೆಸರಿಗೆ ಕನ್ನಡದ ರೂಪವೇ ಆಧಾರ. ಬದಲಾಗದ ಸಂಗತಿಗೆ ಅವಧಿ ಇಲ್ಲದ ಪ್ರಮಾಣಪತ್ರ. ಪ್ರತಿ ಫಾರಂ ಮೇಲೆ ಅದನ್ನು ಯಾವ ನಿಯಮದಡಿ ಕೇಳಲಾಗಿದೆ, ತುಂಬಲು ಎಷ್ಟು ಸಮಯ ಬೇಕು ಎಂಬ ಎರಡು ಸಾಲು. ಇಂಟರ್ನೆಟ್ ಬಳಸಲಾಗದವರಿಗೆ ಕಚೇರಿಯಲ್ಲಿ ಮನುಷ್ಯರೇ ಕೂತ ಒಂದು ಕೌಂಟರ್. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ವರ್ಷವೂ ನೀವು ಆ ಸಾಲಿನಲ್ಲಿ ನಿಲ್ಲುತ್ತೀರಿ. ಯಾರಾದರೂ ಇನ್ನೊಂದು ಕಾಗದ ತನ್ನಿ ಎಂದಾಗ, ‘ಯಾವ ನಿಯಮದಲ್ಲಿದೆ ಸಾರ್, ಬರೆದು ಕೊಡಿ’ ಎಂದು ಮೆತ್ತಗೆ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅದನ್ನೇ ಕೇಳಿ. 150 ಪದ ಬೇಕಾಗುವುದಿಲ್ಲ, ಒಂದು ಸಾಲು ಸಾಕು. ನಿಮ್ಮ ಹಿಂದೆ ನಿಂತ, ಓದು ಬಾರದ ಅಜ್ಜಿಗೆ ಆ ಪ್ರಶ್ನೆ ಕೇಳುವ ಧೈರ್ಯವಿಲ್ಲ. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದ್ದಾರೆ. ದೇವರಾದರೂ ಹಣ್ಣು ಕಾಯಿ ಕೇಳುತ್ತಾನೆ, ತಾನೇ ಕೊಟ್ಟ ಪ್ರಸಾದದ ಜೆರಾಕ್ಸ್ ಕೇಳುವುದಿಲ್ಲ.